ಅಕ್ಕನ ಮೂರನೇ ಪೈಪು

“ಪುಣ್ಯಕ್ಕೆ ನಂಗೆ ಎಚ್ಚರ ಆಯ್ತು ಕಣವ್ವ, ಇಲ್ದಿದ್ರೆ ನಿಮ್ಮನೆಗೆಲ್ಲಾ ನೀರು ನುಗ್ಬುಡ್ತಿತ್ತು.” ಮಹಡಿ ಮನೆ ಭಾವ ಇಂದಿಗೂ ಹೀಗೇ ಹೇಳುತ್ತಾರೆ. ಪಾಂಡವಪುರದ ನಮ್ಮ ಬೀದಿಯೂ ಅದನ್ನೇ ನಂಬಿದೆ. ನಾನು ಒಪ್ಪುವುದಿಲ್ಲ. ಮೊನ್ನೆ ನಲ್ಲಿ ರಿಪೇರಿಯವನು ಪಿವಿಸಿ ಗಮ್ಮಿನ ಡಬ್ಬಿ ತೆರೆದ. ಮೂಗಿಗೇರುವ ಆ ವಾಸನೆಯ ಹಿಂದೆಯೇ ಭಾವನ ಹೆಂಡತಿ ನೆನಪಾದರು. ನಾನು ಅವರನ್ನು ಅಕ್ಕ ಅನ್ನುತ್ತಿದ್ದೆ...

ತೊಂಬತ್ತರ ದಶಕದ ಮಾತು. ಮಹಡಿಯಲ್ಲಿ ಅಕ್ಕನ ದೊಡ್ಡ ಗಾಜಿನ ಮೀನಿನ ತೊಟ್ಟಿ, ಅದರಡಿ ನೀರು ಸೋಸುವ ಡ್ರಮ್ಮು. ತೊಟ್ಟಿಯಿಂದ ಪೈಪಿನಲ್ಲಿ ಇಳಿದ ನೀರನ್ನು ಪುಟ್ಟ ಮೋಟರು ಮತ್ತೆ ಮೇಲಕ್ಕೆ ಹತ್ತಿಸುತ್ತಿತ್ತು. ಪೈಪು ಕಟ್ಟಿಕೊಂಡರೆ ತೊಟ್ಟಿ ಉಕ್ಕಿ, ಸೋರುವ ತಾರಸಿಯಿಂದ ನೀರು ಬೀಳುವುದು ನಮ್ಮ ಮನೆಗೇ. ಅಲ್ಲಿ ಅಮ್ಮ ಊರವರ ಮದುವೆ ರೇಷ್ಮೆ ರವಿಕೆ ಹೊಲಿಯುತ್ತಿದ್ದರು. ಅವು ನೆಂದರೆ ಅಮ್ಮನ ಹೆಸರೂ ಮುಳುಗಿದಂತೆಯೇ.

ಭಾವನಿಗೆ ಸಕ್ಕರೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ, ಹಗಲು ನಿದ್ದೆ. ಪೈಪಿನ ಗೊಳಗೊಳ ಸದ್ದಿಗೆ ಸಿಡುಕುತ್ತಿದ್ದರು.

“ಈ ಮನೇಲಿ ಮೀನಿರ್ಬೇಕು, ಇಲ್ಲಾ ನಾನಿರ್ಬೇಕು!”

“ಮೀನಾದ್ರೆ ಗೊರಕೆ ಹೊಡಿಯಾಕಿಲ್ಲ,” ಅಂದರು ಅಕ್ಕ.

ಹಾಗಂದರೂ ಪೈಪು ಕೊಯ್ದು, ಗಮ್ಮು ಹಚ್ಚಿ, ತೊಟ್ಟಿಯಿಂದ ಡ್ರಮ್ಮಿಗೆ ತಾವೇ ಹೊಸದಾಗಿ ಮೂರು ಪೈಪು ಜೋಡಿಸಿದರು. ಒಂದರ ತುಂಬ ನೀರೇ. ಗಾಳಿ ಸೇರದಂತೆ ವಾಲ್ವನ್ನು ಹದವಾಗಿ ತಿರುಗಿಸಿ ಸದ್ದಡಗಿಸಿದರು. ಮಿಕ್ಕ ಚೂರು ನೀರು ಎರಡನೆಯದರ ಒಳಗೋಡೆ ಸವರಿಕೊಂಡು ಇಳಿಯುತ್ತಿತ್ತು. ಮೂರನೆಯದರ ಬಾಯಿ ತುಸು ಎತ್ತರದಲ್ಲಿತ್ತು. ಅದರಲ್ಲಿ ನೀರೂ ಇಲ್ಲ, ಅದಕ್ಕೆ ವಾಲ್ವೂ ಇಲ್ಲ.

“ಇದೊಂದು ದಂಡಪಿಂಡ, ಕುಯ್ದು ಬಿಸಾಕು,” ಅಂದರು ಭಾವ.

“ಇರ್ಲಿ ಬುಡಿ. ಅದು ಬಾಯಿ ಬುಟ್ಟ ದಿನ ನಿಮ್ಗೇ ಗೊತ್ತಾಯ್ತದೆ.”

ಒಂದು ಮಧ್ಯಾಹ್ನ ಅಕ್ಕ ಬೆಳಗೊಳಕ್ಕೆ ಹೋಗಿದ್ದರು. ತೊಟ್ಟಿಯ ಪಾಚಿ ಕಿತ್ತು ಬಂದು ಎರಡೂ ಪೈಪುಗಳ ಬಾಯಿಗೆ ಮೆತ್ತಿಕೊಂಡಿತು. ನೀರು ಏರಿ ಮೂರನೆಯದಕ್ಕೆ ನುಗ್ಗಿತು. ಸದ್ದಡಗಿಸುವ ವಾಲ್ವಿಲ್ಲದ ಅದರ ಭೋರ್ಗರೆತ ನಮಗೂ ಕೇಳಿಸಿತು, ಜೊತೆಗೇ ಭಾವನ ಕೂಗು: “ಯಾವನ್ಲಾ ಅದು!” ಎದ್ದು ಬಂದ ಭಾವ ಮೋಟರು ನಿಲ್ಲಿಸಿದರು. ಕೆಳಗೆ ಒಂದು ಹನಿಯೂ ಬೀಳಲಿಲ್ಲ.

ಸಂಜೆ ಬಂದ ಅಕ್ಕ ಪೈಪಿನ ಬೆನ್ನು ತಟ್ಟಿದರು. “ನೋಡಿದ್ರಾ ನನ್ನ ದಂಡಪಿಂಡನ್ನ!”

ನಾನು ಮಾತಾಡುವ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿ ‘ಎಲ್ಲ ಅದೃಷ್ಟ’ ಅಂದಾಗಲೆಲ್ಲ ನನಗೆ ಈ ಅಕ್ಕ ನೆನಪಾಗುತ್ತಾರೆ. ಸುಮ್ಮನಿರಬೇಕಾದ ಕಡೆ ಸುಮ್ಮನಿರಿಸಿ, ಅರಚಬೇಕಾದ ಕಡೆ ಅರಚಲು ಬಿಟ್ಟ ಬುದ್ಧಿವಂತೆ! ಅವರು ನಮ್ಮ ಬೀದಿಯವರು ಅನ್ನಲು ನನಗೆ ಈಗಲೂ ಹೆಮ್ಮೆ. ಅಕ್ಕ ತೀರಿಕೊಂಡರು, ತೊಟ್ಟಿ ಯಾರ ಮನೆ ಸೇರಿತೋ... ನಿನ್ನೆ ಭಾವ ಮತ್ತೆ ಅದೇ ಕಥೆ ತೆಗೆದಾಗ ಕೇಳಿಯೇಬಿಟ್ಟೆ:

“ಭಾವ, ಅವತ್ತು ನಿಮಗೆ ಎಚ್ಚರ ಆಯ್ತಾ, ಇಲ್ಲಾ ಅಕ್ಕ ಎಬ್ಬಿಸಿದ್ರಾ?”