ಕರಿಯಯ್ಯನ ಹದಿನೈದು ಡಿಗ್ರಿ

ಟಿ. ನರಸೀಪುರದ ಕರಿಯಯ್ಯ ನಂಜನಗೂಡಿನ ಒಂದು ನೋವಿನೆಣ್ಣೆ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಗೋದಾಮು ನೋಡಿಕೊಂಡವನು. ಬೆಳಗಿನ ಬಸ್ಸಿಗೆ ಅವನು ಹತ್ತಿದರೆ ಸಾಕು, ಹಿಂದಿನ ಸೀಟಿನವರ ನೆಗಡಿ ಮುಂದಿನ ಸ್ಟಾಪಿನಲ್ಲಿ ತಾನಾಗಿ ಇಳಿದು ಹೋಗುತ್ತಿತ್ತು. ಅಂಥ ಘಮಲು. ಗೋದಾಮಿನ ಬೀಗದ ಕೈ ಸದಾ ಅವನ ಉಡಿದಾರದಲ್ಲಿ.

೧೯೯೯ರ ಆಯುಧಪೂಜೆಗೆ ಅವನು ಡಬ್ಬಗಳನ್ನೆಲ್ಲ ತೊಳೆದು ವಿಭೂತಿ ಬಳಿದ. ಉಜ್ಜಿದ ರಭಸಕ್ಕೆ ತಗಡು ಸವೆದು ಕಪಿಲೆಯ ಆಚೆ ದಡ ಕಾಣುತ್ತಿತ್ತು. ಉಳಿದ ಡಬ್ಬಗಳು ಒಣಗಲಿ ಎಂದು ಏಳು ಕೆಜಿ ಮೆಂಥಾಲ್ ಹರಳನ್ನೂ ಮೂರು ಕೆಜಿ ಓಮದ ಹೂವಿನ, ಅಂದರೆ ಥೈಮಾಲ್, ಹರಳನ್ನೂ ಒಂದೇ ಡಬ್ಬಕ್ಕೆ ಸುರಿದು ಊರಿಗೆ ಹೋದ. ಹಬ್ಬ ಮುಗಿಸಿ ಬಂದು ಮುಚ್ಚಳ ತೆಗೆದರೆ ಹರಳೇ ಇಲ್ಲ, ಬರೀ ದ್ರವ.

"ಲೇ ಕರಿಯಯ್ಯ, ಹರಳು ಮಾರ್ಕೊಂಡು ಎಣ್ಣೆ ಸುರಿದಿದ್ದೀಯಲ್ಲೋ!" ಎಂದು ಮಾಲೀಕ ಗಂಗಾಧರಸ್ವಾಮಿ ಬೀಗದ ಕೈ ಕಿತ್ತುಕೊಂಡರು. ನಾಳೆ ಪೊಲೀಸರಿಗೆ ಹೇಳುವುದೆಂದೂ ಆಯಿತು.

"ನಾ ಮುಟ್ಟಿಲ್ಲ ಸಾ. ಅವೇ ಕರಗ್ಕಂಡವೆ."

"ಕರಗಕ್ಕೆ ಅದೇನು ಐಸ್ ಕ್ಯಾಂಡೀನಾ?"

ಲ್ಯಾಬಿಗೆ ಹೊಸದಾಗಿ ಬಂದಿದ್ದ ಕೆಮಿಸ್ಟ್ ನಂದಿತಾ, ಎರಡು ಹರಳು ಬೆರೆತರೆ ಕಡಿಮೆ ಬಿಸಿಗೇ ಕರಗುವುದುಂಟು ಎಂದು ಲೆಕ್ಕಕ್ಕೆ ಕೂತಳು. ಪೂರ್ತಿ ಕರಗಲು ಇಪ್ಪತ್ನಾಲ್ಕು ಡಿಗ್ರಿ ಬೇಕೆಂದು ಬಂತು. ತಂಪು ಗೋದಾಮಿನ ಬಿಸಿ ಹಬ್ಬದ ದಿನಗಳಲ್ಲಿ ಇಪ್ಪತ್ತೊಂದು ದಾಟಿರಲಿಲ್ಲ. ಹಾಗಾದರೆ ತಳದಲ್ಲಿ ಒಂದಿಷ್ಟು ಹರಳು ಉಳಿದಿರಬೇಕಿತ್ತು. ಒಂದು ಚೂರೂ ಇರಲಿಲ್ಲ. ವಿಜ್ಞಾನವೂ ಕರಿಯಯ್ಯನನ್ನು ಕಳ್ಳನೆಂದಿತು. ಮತ್ತೆ ಬೆರೆಸಿ ತೋರಿಸೋಣವೆಂದರೆ ಹೊಸ ಸರಕು ಬರಲು ಹದಿನೈದು ದಿನ.

"ಲೆಕ್ಕದಲ್ಲಿ ಅವೆರಡನ್ನೂ ಗುರ್ತಿಲ್ದೋರಂಗೆ ಕೂರ್ಸಿದ್ದೀರೇನೋ ಮೇಡಮ್ಮೋರೇ," ಎಂದ ಕರಿಯಯ್ಯ, ಬಾಗಿಲಲ್ಲೇ ನಿಂತು. "ಇವು ಒಂದನ್ನೊಂದು ತಬ್ಕಂಡು ನೀರಾಗವೆ ಕಣ್ರವ್ವ."

ನಂದಿತಾ ಪೆನ್ನು ಕೆಳಗಿಟ್ಟಳು. ನಿಜವೇ, ಅವಳ ಸೂತ್ರದಲ್ಲಿ ಆ ಎರಡರ ನಡುವೆ ವಿಶೇಷ ಸೆಳೆತವೇ ಇರಲಿಲ್ಲ. ಹಳೆಯ ಕಾಲೇಜು ರೆಕಾರ್ಡಿನಲ್ಲಿ ಇವೇ ಎರಡು ಹರಳನ್ನು ಬೇರೆ ಪ್ರಮಾಣದಲ್ಲಿ ಬೆರೆಸಿ ಕರಗಿಸಿದ ಒಂದು ಅಳತೆ ಸಿಕ್ಕಿತು. ಅದರಿಂದ ಸೆಳೆತ ಎಷ್ಟೆಂದು ತೆಗೆದು ಕಂಪ್ಯೂಟರಿಗೆ ಕೊಟ್ಟಳು. ಅದು ಒಂದು ಸಲ ಗುಣಿಸುವಷ್ಟರಲ್ಲಿ ಕೋಳಿ ಮೊಟ್ಟೆಯಿಟ್ಟು ಮರಿ ಮಾಡುತ್ತಿತ್ತು. ಕಡೆಗೆ ಬಂತು: ಹದಿನೈದು.

ಅದನ್ನೇ ಚೀಟಿಯಲ್ಲಿ ಬರೆದು ಮಾಲೀಕರ ಕೈಗಿಟ್ಟಳು. "ಬರೀ ಹರಳೇ ಆದ್ರೆ ಹದಿನೈದರ ಹತ್ತಿರ ಪೂರ್ತಿ ಕರಗುತ್ತೆ. ಎಣ್ಣೆ ಸೇರಿದ್ರೆ ಈ ಸಂಖ್ಯೆ ತಪ್ಪುತ್ತೆ, ಸರ್."

ಡಬ್ಬದ ದ್ರವವನ್ನು ಶೀಶೆಗೆ ಹಾಕಿ, ಉಪ್ಪು ಬೆರೆಸಿದ ಐಸಿನಲ್ಲಿ ಗಟ್ಟಿ ಮಾಡಿ, ನಿಧಾನ ಕರಗಲು ಬಿಟ್ಟರು. ಹತ್ತು ಡಿಗ್ರಿಯಲ್ಲಿ ಹರಳಿತ್ತು. ಹನ್ನೆರಡರಲ್ಲೂ ಇತ್ತು. ಕರಿಯಯ್ಯ ಉಸಿರು ಹಿಡಿದ ಹಿಡಿತಕ್ಕೆ ಊರಿನ ಗಾಳಿಯೇ ನಿಂತಿತ್ತು. ಹದಿನಾಲ್ಕೂವರೆ ಡಿಗ್ರಿಗೆ ಕೊನೆಯ ಚೂರು ಮಾಯವಾಯಿತು.

ಗಂಗಾಧರಸ್ವಾಮಿ ಚೀಟಿ ನೋಡಿದರು, ಥರ್ಮಾಮೀಟರ್ ನೋಡಿದರು, ಕರಿಯಯ್ಯನನ್ನು ಮಾತ್ರ ನೋಡಲಾಗದೆ ಬೀಗದ ಕೈ ಚಾಚಿದರು.

ಅವನು ಅದನ್ನು ಉಡಿದಾರಕ್ಕೆ ಬಿಗಿಯಾಗಿ ಕಟ್ಟಿಕೊಂಡ. "ಮುಂದಿನ್ ವರ್ಸ ಡಬ್ಬ ನೀವೇ ತೊಳ್ಕಳಿ ಸಾ," ಎಂದ.

ಮುಂದಿನ ವರ್ಷ ಅವರೇ ತೊಳೆದರು.