ಸೀಟಿನ ಮೇಲಿನ ಟವೆಲ್

ತಿಪಟೂರಿಗೆ ಬ್ರಾಡ್‌ಬ್ಯಾಂಡ್ ಆಗಷ್ಟೇ ಬಂದಿತ್ತು. ನನ್ನ ಕಂಪ್ಯೂಟರ್ ಅಂಗಡಿಯಿಂದಲೇ ಒಂದು ವೆಬ್‌ಸೈಟ್ ನಡೆಸುತ್ತಿದ್ದೆ. ಹರಾಜಿನ ದಿನ ಕೊಬ್ಬರಿ ರೇಟು ಅದರಲ್ಲಿ ಬರಬೇಕು. ದೂರದ ಊರಿನ ವ್ಯಾಪಾರಿಗಳು ಅದನ್ನು ನೋಡಿಯೇ ಮಾತಾಡುತ್ತಿದ್ದರು. ಕೆಲಸ ಕೊಟ್ಟಿದ್ದವರು ಒಬ್ಬ ಮಂಡಿ ಸಾಹುಕಾರರು.

ತೊಂದರೆ ಕರೆಂಟಿನದು. ಹೋಗಿ ಬಂದರೆ ಕಂಪ್ಯೂಟರ್ ತಾನೇ ಆನ್ ಆಗುತ್ತಿತ್ತು, ವೆಬ್‌ಸೈಟನ್ನು ಹೊರಗಿನವರಿಗೆ ತೋರಿಸುವ ವೆಬ್ ಸರ್ವರ್ ಮಾತ್ರ ಏಳುತ್ತಿರಲಿಲ್ಲ. ಅದನ್ನು ಎಬ್ಬಿಸಲೆಂದೇ ಒಂದು ಕಾವಲು ಪ್ರೋಗ್ರಾಂ ಹಾಕಿದ್ದೆ. ಅದೋ, ಸರ್ವರ್ ಸತ್ತು ಬಿದ್ದಿದ್ದರೂ ‘ಎಲ್ಲಾ ಸರಿಯಾಗಿದೆ’ ಎಂದೇ ತೋರಿಸುತ್ತಿತ್ತು. ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು.

“ನಿಮ್ ಕಾವಲ್ನೋನು ಮತ್ತೆ ಮಲಗ್ಬುಟ್ನಾ ಮೇಡಂ?” ಎಂದು ಸಾಹುಕಾರರು ನಕ್ಕರು. ಆಮೇಲೆ ನಗದೆ ಹೇಳಿದರು: “ಬರೋ ಹರಾಜಿಗೂ ಹಿಂಗೇ ಆದ್ರೆ ತುಮಕೂರಿನ ಕಂಪನಿಯೋರಿಗೆ ಕೊಟ್ಬುಡ್ತೀನಿ ಕಣಮ್ಮ. ಬೇಜಾರು ಮಾಡ್ಕೋಬೇಡಿ.”

ಬೇಜಾರಲ್ಲ, ಅವಮಾನವಾಯಿತು. ಹೆಂಗಸಿಗೆ ಯಾಕೆ ಇದೆಲ್ಲ ಎಂದವರ ಎದುರಿಗೇ ಅಂಗಡಿ ತೆರೆದವಳು ನಾನು. ಸೆಟ್ಟಿಂಗ್ ಬದಲಾಯಿಸಿದೆ, ಪ್ರೋಗ್ರಾಂ ತೆಗೆದು ಮತ್ತೆ ಹಾಕಿದೆ. ಏನೂ ಪ್ರಯೋಜನವಾಗಲಿಲ್ಲ.

ಹರಾಜಿನ ಹಿಂದಿನ ದಿನ ಹೊನ್ನವಳ್ಳಿಯಲ್ಲಿ ತಿಪಟೂರಿನ ಬಸ್ಸು ಹತ್ತಿದೆ. ಕಾಲಿಡಲು ಜಾಗವಿಲ್ಲ, ಆದರೂ ಕಿಟಕಿ ಪಕ್ಕದ ಒಂದು ಸೀಟು ಖಾಲಿ. ಅದರ ಮೇಲೊಂದು ಟವೆಲ್. ಯಾರೋ ಹಿಡಿದಿಟ್ಟಿದ್ದಾರೆಂದು ಎಲ್ಲರೂ ನಿಂತೇ ಇದ್ದೆವು. ಬಸ್ಸು ಊರು ದಾಟಿತು, ಟವೆಲಿನವನ ಸುಳಿವಿಲ್ಲ. ಹೂವಿನ ಬುಟ್ಟಿ ಹಿಡಿದಿದ್ದ ಒಬ್ಬಾಕೆ, “ಅವ್ನು ಕೆಳಗೇ ಉಳ್ಕಂಡವ್ನೆ ಕಣ್ರೀ, ಟವೆಲ್ ಮಾತ್ರ ಬತ್ತಾ ಐತೆ” ಎಂದು ಅದನ್ನು ಕಂಡಕ್ಟರ್ ಕೈಗೆ ಕೊಟ್ಟು ಕೂತಳು.

ನಾನು ನಿಂತಲ್ಲೇ ನಕ್ಕುಬಿಟ್ಟೆ. ಸರ್ವರ್ ಕೂಡ ಶುರುವಾದಾಗ ‘ನಾನಿದ್ದೇನೆ’ ಎಂದು ಒಂದು ಸಣ್ಣ ಫೈಲ್ ಇಡುತ್ತದೆ, ನಿಲ್ಲುವಾಗ ತಾನೇ ಅಳಿಸುತ್ತದೆ. ದಿಢೀರನೆ ಕರೆಂಟು ಹೋದರೆ ಅಳಿಸಲು ಪುರಸೊತ್ತೆಲ್ಲಿ? ನಮ್ಮ ಕಾವಲಿನವನು ಸರ್ವರನ್ನು ನೋಡುತ್ತಲೇ ಇರಲಿಲ್ಲ, ಆ ಫೈಲ್ ಕಂಡು ಸುಮ್ಮನಾಗುತ್ತಿದ್ದ.

ಅಂಗಡಿಗೆ ಓಡಿ, ಪ್ಲಗ್ ಕಿತ್ತು ಮತ್ತೆ ಹಾಕಿ ನೋಡಿದೆ. ಸರ್ವರ್ ಇಲ್ಲ, ಫೈಲ್ ಇದೆ. ಕಂಪ್ಯೂಟರ್ ಆನ್ ಆದ ಕೂಡಲೇ ಹಳೆಯ ಫೈಲ್ ಅಳಿಸಿಹೋಗುವಂತೆ ಬರೆದೆ. ಫೈಲ್ ಕಾಣದಿದ್ದರೆ ಕಾವಲಿನವನು ಸರ್ವರನ್ನು ಎಬ್ಬಿಸಲೇಬೇಕು.

ಮರುದಿನ ಹರಾಜಿನ ರೇಟು ಹಾಕಿ, ಸಾಹುಕಾರರ ಕಣ್ಣೆದುರೇ ಪ್ಲಗ್ ಕಿತ್ತೆ. ಅವರ ಮುಖ ಬಿಳುಚಿಕೊಂಡಿತು. ಮತ್ತೆ ಹಾಕಿ, ಕೈಕಟ್ಟಿ ಕೂತೆ. ಸ್ವಲ್ಪ ಹೊತ್ತಿಗೆ ಕೊಬ್ಬರಿ ರೇಟು ತಾನಾಗಿ ಪರದೆಯ ಮೇಲೆ ಬಂತು.

ಅವರು ಅಲ್ಲಿಂದಲೇ ತುಮಕೂರಿಗೆ ಫೋನ್ ಮಾಡಿದರು. “ನೀವು ಬರೋದ್ ಬ್ಯಾಡ ಬುಡಿ. ನಮ್ಮೂರ ಹೆಣ್ಮಗಳೇ ಸರಿ ಮಾಡವ್ಳೆ.”

ಎಷ್ಟು ಖುಷಿಯಾಯಿತೆಂದರೆ, ಅವರು ಹೋದ ಮೇಲೆ ಸುಮ್ಮಸುಮ್ಮನೆ ಇನ್ನೊಂದು ಸಲ ಪ್ಲಗ್ ಕಿತ್ತೆ.