ಕಪ್ಪು ಉಗುರಿನ ಮಾಸ್ಟ್ರು

ಅವರ ಎಡಗೈ ಹೆಬ್ಬೆರಳಿನ ಉಗುರು ಸದಾ ಕಪ್ಪಗಿರುತ್ತಿತ್ತು. ಬೆಟ್ಟದಲ್ಲಿ ಕಲ್ಲು ಒಡೆಯುವಾಗ ಸುತ್ತಿಗೆ ಬೆರಳಿಗೂ ಬೀಳುತ್ತಿತ್ತು. ಇಷ್ಟು ದೊಡ್ಡ ಭೂವಿಜ್ಞಾನಿಗೆ ಸುತ್ತಿಗೆ ಹಿಡಿಯಲು ಬರುವುದಿಲ್ಲವೇ ಎಂದು ನನ್ನ ಹೆಂಡತಿ ನಗುತ್ತಿದ್ದಳು. ಜರ್ಮನಿಯವರಾದರೇನು, ಉಡುಪಿ ಕಡೆಯವರಾದ ನಮಗೆ ಅವರು 'ಮಾಸ್ಟ್ರು'.

ಮಸ್ಕತ್ತಿನ ಕಾಲೇಜೊಂದರಲ್ಲಿ ಅವರು ಪ್ರೊಫೆಸರ್. ನಾನು ಅವರ ಲ್ಯಾಬಿನಲ್ಲಿ ಕಲ್ಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ಕೊಯ್ದು ಉಜ್ಜುವವನು. ಕೆಲವು ತಿಂಗಳ ಸಂಶೋಧನೆಗೆಂದು ಬಂದವರು ಕೂದಲು ನರೆಯುವವರೆಗೆ ಒಮಾನಿನಲ್ಲೇ ಉಳಿದರು. ಒಂದು ಕಾಲದ ಕಡಲ ತಳ ಇಲ್ಲಿ ಬೆಟ್ಟವಾಗಿ ನಿಂತಿದೆ, ಬಿಟ್ಟು ಹೇಗೆ ಹೋಗಲಿ ಎನ್ನುತ್ತಿದ್ದರು. ಅಷ್ಟು ವರ್ಷವಿದ್ದೂ ಕಲಿತ ಅರಬ್ಬಿ ಎರಡೇ ಮಾತು: ಹೊರಡಲು 'ಯಲ್ಲಾ', ಮುಗಿದರೆ 'ಖಲಾಸ್'. ಉಳಿದದ್ದೆಲ್ಲ ಇಂಗ್ಲಿಷು.

ಅವರಿಗೆ ಹೆಸರು ತಂದದ್ದು ಒಂದು ವಾದ: ಬೆಟ್ಟದೊಳಗಿನ ಒಂದು ಕಪ್ಪು ಪಟ್ಟೆ ಕಡಲ ತಳದಲ್ಲೇ ಹುಟ್ಟಿದ್ದು ಎಂದು. ಅವರದೇ ವಿದ್ಯಾರ್ಥಿನಿ, ಒಬ್ಬ ಒಮಾನಿ ಹುಡುಗಿ, ಅದನ್ನು ಒಪ್ಪಲಿಲ್ಲ.

"ಬೆಟ್ಟ ಎದ್ದು ತಣ್ಣಗಾದ ಮೇಲೆ ಕರಗಿ ಬಿರುಕಿಗೆ ನುಗ್ಗಿದ ಕಲ್ಲು ಇದು, ಸರ್."

ಅದು ನಿಜವಾದರೆ ಅವರ ಅರ್ಧ ಆಯುಷ್ಯದ ಬರಹವೆಲ್ಲ ಸುಳ್ಳು. ಮಾಸ್ಟ್ರ ಮುಖ ಕೆಂಪಾಯಿತು. ಮರುದಿನ ಅವಳನ್ನೇ ಕರೆದುಕೊಂಡು ಬೆಟ್ಟಕ್ಕೆ ಹೋಗಿ, ಪಟ್ಟೆಯ ಅಂಚಿನಿಂದ ಒಂದು ತುಂಡು ತಂದು, ಕೊಯ್ಯಲು ನನ್ನ ಮುಂದಿಟ್ಟರು.

ಸೂಕ್ಷ್ಮದರ್ಶಕದಲ್ಲಿ ಅಂಚಿನ ಹರಳುಗಳು ಪುಡಿಪುಡಿ, ನಡುವಿನವು ದಪ್ಪ. ತಣ್ಣನೆಯ ಬೆಟ್ಟಕ್ಕೆ ತಾಗಿ, ಹರಳು ಬೆಳೆಯುವ ಮೊದಲೇ ಅಂಚು ಗಟ್ಟಿಯಾಗಿತ್ತು. ಹುಡುಗಿ ಹೇಳಿದ್ದೇ ಸರಿ. ಅವರು ಬಹಳ ಹೊತ್ತು ಅದರಿಂದ ಕಣ್ಣು ತೆಗೆಯಲಿಲ್ಲ.

"ಖಲಾಸ್," ಎಂದರು ಆಮೇಲೆ, ಹುಡುಗಿಯತ್ತ ತಿರುಗಿ. "ಯಲ್ಲಾ, ನೀನೇ ಬರೆ. ತಪ್ಪು ಹೇಳಿದವನು ನಾನು ಅಂತ ಹೆಸರು ಹಾಕಿಯೇ ಬರೆ."

ಸಂಜೆ ಮಸ್ಕತ್ತಿನ ರೂವಿ ಪೇಟೆಯಲ್ಲಿ ಚಾ ಕುಡಿಯುವಾಗ ಕೇಳಿದೆ, "ಬೇಜಾರಾಯ್ತಾ ಸರ್?"

"ತುಂಬಾ. ಆದರೆ ಕಲ್ಲು ಏನು ಮಾಡೀತು?"

ತಪ್ಪಾಯ್ತು ಎಂಬ ಮಾತು ನನ್ನ ಬಾಯಿಂದ ಬರುವುದೇ ಇಲ್ಲ ಎನ್ನುವುದು ಹೆಂಡತಿಯ ಹಳೆಯ ದೂರು. ಆ ಸಂಜೆಯ ನಂತರ ದೂರು ಸ್ವಲ್ಪ ಕಡಿಮೆಯಾಗಿದೆ.

ನಿವೃತ್ತರಾಗಿ ಜರ್ಮನಿಗೆ ಮರಳಿದ ಮೇಲೆ ಒಮ್ಮೆ ವಿಡಿಯೋ ಕಾಲ್ ಮಾಡಿದರು. ಕನ್ನಡಕ ಸರಿಪಡಿಸಲು ಎಡಗೈ ಎತ್ತಿದಾಗ ಕಂಡ ಉಗುರು ಚೊಕ್ಕವಾಗಿತ್ತು. ಸುತ್ತಿಗೆ ಹಿಡಿಯುವುದನ್ನೇ ಬಿಟ್ಟರೇ ಎಂದು ನನಗೆ ಹೆದರಿಕೆಯಾಯಿತು.

"ಆ ಹುಡುಗಿ ಈಗ ಅಲ್ಲೇ ಪಾಠ ಮಾಡುತ್ತಾಳಲ್ಲ, ನನ್ನ ತಪ್ಪನ್ನೂ ಹೇಳಿಕೊಡುತ್ತಾಳಾ?"

"ಪ್ರತಿ ವರ್ಷ ಸರ್. ಅದೇ ತುಂಡು ತೋರಿಸಿ."

"ಹಾಗಾದರೆ ಖಲಾಸ್," ಎಂದು ನಕ್ಕರು. ಅದೇ ಕೊನೆಯ ಮಾತು.

ಅವರು ತೀರಿಕೊಂಡ ಸುದ್ದಿಯನ್ನು ಲ್ಯಾಬಿಗೆ ತಂದವಳೂ ಅವಳೇ. ನಿಂತಲ್ಲೇ ಅತ್ತಳು. ಕಣ್ಣೊರೆಸಿಕೊಂಡು ಆ ತುಂಡನ್ನು ಕೇಳಿದಳು, ತೆಗೆದುಕೊಂಡು ತರಗತಿಗೆ ಹೋದಳು.